ಗಂಡನ ಹೆಸರು ಹೇಳಿ

ಜನವರಿ ೧೯, ಸೋಮವಾರ

ಸಾಕಾಗಿದೆ. ಈ ಮಾತನ್ನು ಇಲ್ಲಿ ಎಷ್ಟು ಸಲ ಬರೆದಿದ್ದೇನೋ ನನಗೇ ಗೊತ್ತಿಲ್ಲ, ಆದರೆ ಇವತ್ತು ನಿಜಕ್ಕೂ ಸಾಕಾಗಿದೆ.

ಬೊಬ್ರುವಾಡದಿಂದ ಬೆಳಕು ಹರಿಯುವ ಮೊದಲೇ ಹೊರಟು, ಅಂಕೋಲೆ ಸ್ಟ್ಯಾಂಡಿನಲ್ಲಿ ಕಾರವಾರದ ಬಸ್ಸಿಗೆ ಜೋತುಬಿದ್ದು, ಬಿಣಗಾ ದಾಟುವವರೆಗೂ ನಿಂತೇ ಹೋದೆ. ಯೂನಿಫಾರ್ಮಿನ ಇಸ್ತ್ರಿ ಅವರ್ಸಾದಲ್ಲೇ ಮುಗಿದಿತ್ತು. ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಕಾಲಿಟ್ಟರೆ ಜಯಶ್ರೀ ಸಿಸ್ಟರ್ ಒಬ್ಬರೇ. ಅವರು ಈ ವಾರ್ಡಿನ ಇನ್‌ಚಾರ್ಜ್, ಹಣಕೋಣದವರು, ಕೊಂಕಣಿಯಲ್ಲಿ ಬಯ್ದು ಕನ್ನಡದಲ್ಲಿ ಕೆಲಸ ಹೇಳುತ್ತಾರೆ. ಜೊತೆಗಿರಬೇಕಾದ ಇನ್ನೊಬ್ಬ ನರ್ಸನ್ನು ಹೆರಿಗೆ ವಾರ್ಡಿಗೆ ಎಳೆದುಕೊಂಡಿದ್ದಾರೆ. ಅವರ ಜಾಗಕ್ಕೆ ನಾವು, ನರ್ಸಿಂಗ್ ಕಾಲೇಜಿನ ಕೊನೆಯ ವರ್ಷದವರು. ಕಲಿಯಲು ಬಂದವರು ಎನ್ನುವುದು ಮಾತಿಗೆ. ಆಸ್ಪತ್ರೆಯವರನ್ನು ಕೇಳಿದರೆ ನಾವು ಕಾಲೇಜಿನವರು, ಕಾಲೇಜಿನವರನ್ನು ಕೇಳಿದರೆ ನಾವು ಆಸ್ಪತ್ರೆಯವರು. ಊಟದ ಹೊತ್ತಿಗೆ ಎರಡೂ ಕಡೆಯವರಲ್ಲ.

"ಕವಿತಾ, ಇನ್ಸುಲಿನ್ ಎಲ್ಲಾ ಮುಗ್ಸ್‌ಬಿಡು ಬಾಯಿ, ನಂಗೆ ಇರುದು ಎರಡೇ ಕೈ" ಎಂದರು ಸಿಸ್ಟರ್. ವಿದ್ಯಾರ್ಥಿನಿ ಒಬ್ಬಳೇ ಸೂಜಿ ಕೊಡುವಂತಿಲ್ಲ ಎಂದು ನಿಯಮವಿದೆ. ನಿಯಮ ಮಾಡಿದವರು ಬೆಳಗಿನ ಹೊತ್ತು ಈ ವಾರ್ಡಿಗೆ ಬಂದು ನೋಡಿದವರಲ್ಲ. ಕೊಟ್ಟು ಮುಗಿಸಿದೆ. ಕಿಟಕಿ ಪಕ್ಕದ ಸಕ್ಕರೆಗೆ, ಮೂಲೆಯ ಸಕ್ಕರೆಗೆ, ಬಾಗಿಲ ಬಳಿಯ ಸಕ್ಕರೆಗೆ. ಮುಖ ನೋಡಿ ಕೆಲಸ ಮಾಡಲು ಯಾರಿಗೆ ಪುರುಸೊತ್ತಿದೆ.

ಪರೀಕ್ಷೆ ಒಂದು ಮುಗಿಯಲಿ. ಆಮೇಲೆ ಅಂಕೋಲೆ ಪೇಟೆಯ ಬಟ್ಟೆಯಂಗಡಿಯಲ್ಲಿ ಸೀರೆ ಮಡಚಿದರೂ ಪರವಾಗಿಲ್ಲ, ಸೂಜಿ ಮಾತ್ರ ಮತ್ತೆ ಮುಟ್ಟುವುದಿಲ್ಲ. ಇದನ್ನು ಆಯಿಗೆ ಇನ್ನೂ ಹೇಳಿಲ್ಲ.

ಜನವರಿ ೨೧, ಬುಧವಾರ

ವಾರ್ಡಿನಲ್ಲಿ ಈಗ ಇಬ್ಬರು ದೇವಿಯರು. ಇಬ್ಬರೂ ಹಾಲಕ್ಕಿಯವರು, ಇಬ್ಬರೂ ದೇವಿ ಗೌಡ, ಇಬ್ಬರ ಕೊರಳಲ್ಲೂ ಮಣಿಸರಗಳ ರಾಶಿ. ಗಂಡನ ಹೆಸರಿನಿಂದಲೇ ಗುರುತು. ಬೀರನ ಹೆಂಡತಿ ಮೊದಲಿನಿಂದ ಇರುವವಳು, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ಬೊಮ್ಮುವಿನ ಹೆಂಡತಿ ಇವತ್ತು ಬಂದವಳು, ಬೇಲೆಕೇರಿ ಕಡೆಯವಳು. ತರಕಾರಿ ಗದ್ದೆಯಲ್ಲಿ ತುಕ್ಕು ಹಿಡಿದ ತಗಡು ಕಾಲಿಗೆ ಹೊಕ್ಕು, ಕೀವಾಗಿ, ಜ್ವರ ಏರಿದ ಮೇಲೆ ಕರೆತಂದಿದ್ದಾರೆ.

ಸೇರಿಸಿಕೊಳ್ಳುವಾಗ ಒಂದು ತಮಾಷೆ ನಡೆಯಿತು. ಸಿಸ್ಟರ್ ಗಂಡನ ಹೆಸರು ಕೇಳಿದರೆ ಅವಳು ತಲೆ ತಗ್ಗಿಸಿ ನಕ್ಕಳಂತೆ. ಮತ್ತೆ ಕೇಳಿದರೆ ಗೋಡೆ ಕಡೆ ತಿರುಗಿದಳಂತೆ. ಕೊನೆಗೆ ವರಾಂಡದ ಬೆಂಚಿನಲ್ಲಿ ಕೂತಿದ್ದ ಮುದುಕನನ್ನು ಒಳಗೆ ಕರೆದು, ಅವನ ಹೆಸರನ್ನು ಅವನ ಬಾಯಿಂದಲೇ ಹೇಳಿಸಬೇಕಾಯಿತು. ವಾರ್ಡಿಗೆ ವಾರ್ಡೇ ನಕ್ಕಿತು. ನಾನು ಆ ತುದಿಯಲ್ಲಿ ಹಾಸಿಗೆ ಬದಲಿಸುತ್ತಿದ್ದೆ, ನಗು ಮಾತ್ರ ಕೇಳಿಸಿತು.

ನಗುವುದಕ್ಕೇನಿದೆ, ನಮ್ಮ ಆಯಿಯದೂ ಇದೇ ಕತೆ. ರೇಶನ್ನಿನವರು ಗಂಡನ ಹೆಸರು ಕೇಳಿದರೆ ತಲೆ ತಗ್ಗಿಸುತ್ತಾಳೆ, ಹಿಂದಿನಿಂದ ನಾನು ಅಪ್ಪನ ಹೆಸರು "ದೇವಾನಂದ" ಎನ್ನುತ್ತೇನೆ, ಆಯಿ ನಗುತ್ತಾಳೆ, ಕೆಲಸ ಮುಗಿಯುತ್ತದೆ. ಚಿಕ್ಕಂದಿನಿಂದ ಇದು ನನ್ನ ಕೆಲಸವೇ.

ಮಧ್ಯಾಹ್ನ ಕ್ಲಾಸಿನಲ್ಲಿ ರಂಜನಾ ಮೇಡಂ ಹೆಸರಿನ ಮಾತೇ ಎತ್ತಿದರು. ನಮಗೆ ವಾರ್ಡಿನ ಪಾಠ ಕಲಿಸುವವರು ಅವರು. ರೋಗಿಯ ಹೆಸರನ್ನು ನೀವು ಹೇಳಿ ಹೌದಾ ಎಂದು ಕೇಳಬೇಡಿ, ಅವರ ಬಾಯಿಂದಲೇ ಹೇಳಿಸಿ, ಆಮೇಲೆ ಔಷಧ ಎಂದರು. ಈ ಪುಸ್ತಕ ಬರೆದವರಿಗೆ ನಮ್ಮ ಕಡೆಯ ಹೆಂಗಸರು ಗೊತ್ತಿಲ್ಲ ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದೆ. ಇಬ್ಬರೂ ನಕ್ಕೆವು. ಮೇಡಂ ನೋಡಿಯೂ ಸುಮ್ಮನಾದರು, ಅವರಿಗೂ ಬಯ್ಯಲು ತ್ರಾಣವಿರಲಿಲ್ಲ.

ಜನವರಿ ೨೩, ಶುಕ್ರವಾರ

ಬೀರನ ಹೆಂಡತಿಗೆ ಕೊಡಬೇಕಾದ ಇನ್ಸುಲಿನ್ ಬೊಮ್ಮುವಿನ ಹೆಂಡತಿಗೆ ಕೊಟ್ಟುಬಿಟ್ಟೆ.

ಬದುಕಿದ್ದಾಳೆ. ಇವತ್ತು ಇಷ್ಟೇ.

ಜನವರಿ ೨೪, ಶನಿವಾರ

ಬರೆಯದಿದ್ದರೆ ನಿದ್ದೆ ಬರುವುದಿಲ್ಲವೆಂದು ನಿನ್ನೆಯೇ ಗೊತ್ತಾಯಿತು. ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ನೆಲ ಒರೆಸುವವರು ಮಂಚಗಳನ್ನೆಲ್ಲ ಎಳೆದು ಅದಲುಬದಲು ಮಾಡಿದ್ದರು. ಅಷ್ಟರಲ್ಲಿ ಹೆರಿಗೆ ವಾರ್ಡಿನವರು ಸಿಸ್ಟರನ್ನು ಕೂಗಿದರು. ಹೋಗುವಾಗ ಅವರು ಇನ್ಸುಲಿನ್ ಮುಗಿಸಲು ಹೇಳಿ ಹೋದರು. ಸಿರಿಂಜ್ ತುಂಬಿಕೊಂಡು, ಮುಸುಕು ಹೊದ್ದು ಮಲಗಿದ್ದ ದೇವಿಯನ್ನು ಎಬ್ಬಿಸಿದೆ. ಕಾಲಿನ ಬ್ಯಾಂಡೇಜು ಹೊದಿಕೆಯ ಒಳಗಿತ್ತು. ಕೇಳಲೇ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ, ಕೇಳಿದೆ. "ದೇವಿ ಅಲ್ದಾ?" ಎಂದೆ. ಹೂಂ ಎಂದಳು. ಇನ್ನು ಗಂಡನ ಹೆಸರು. ಕಾಯಿಲೆ ಬಿದ್ದ ಮುದುಕಿಯನ್ನು ಬೆಳಗಾಗೆದ್ದು ಯಾಕೆ ನಾಚಿಸಬೇಕು ಎಂದು ನಾನೇ ಹೇಳಿಕೊಟ್ಟೆ. "ಬೀರ ಗೌಡ್ರ ಹೆಂಡ್ತಿ ಅಲ್ದಾ?"

ಅವಳು ತಲೆ ತಗ್ಗಿಸಿ ನಕ್ಕಳು. ನಮ್ಮ ಕಡೆ ಹೆಂಗಸರು ಹಾಗೆ ನಕ್ಕರೆ ಹೌದು ಎಂದೇ ಅರ್ಥ. ಹುಟ್ಟಿದಾಗಿನಿಂದ ಆಯಿಯನ್ನು ನೋಡಿದವಳು ನಾನು. ಚುಚ್ಚಿದೆ.

ಟ್ರೇ ಎತ್ತಿಕೊಂಡು ತಿರುಗುತ್ತಿದ್ದಂತೆ ಗೋಡೆ ಬದಿಯ ಮಂಚದಿಂದ ಒಂದು ದನಿ ಬಂತು. "ತಂಗಿ, ನನ್ ಸೂಜಿ ಇವತ್ತು ಇಲ್ವಾ? ಚಾ ಕುಡುಕೆ ಹೊತ್ತಾತು."

ಟ್ರೇ ಎಲ್ಲಿಟ್ಟೆನೋ ನೆನಪಿಲ್ಲ. ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತು, ಎಲ್ಲರೆದುರು ಬಾಯಿಬಿಟ್ಟು ಹೇಳಿದೆ, ತಪ್ಪು ಪೇಶಂಟಿಗೆ ಇನ್ಸುಲಿನ್ ಕೊಟ್ಟೆ ಎಂದು. ಸಿಸ್ಟರ್ ಒಂದು ಮಾತೂ ಬಯ್ಯದೆ ಓಡಿ ಬಂದರು. ಅರ್ಧ ಗಂಟೆ ಕಳೆಯುವುದರೊಳಗೆ ಬೊಮ್ಮುವಿನ ಹೆಂಡತಿ ಬೆವೆತು ತೊಯ್ದು ಹೋದಳು, ಕೈ ನಡುಗತೊಡಗಿತು. "ಎಂತೋ ಹೊಟ್ಟೆ ಹಸ್ದಂಗೆ ಆತದೆ" ಎನ್ನುತ್ತಿದ್ದಳು. ಸಕ್ಕರೆ ನೀರು ಕುಡಿಸಿ, ಗ್ಲೂಕೋಸ್ ಹಚ್ಚಿ, ಡಾಕ್ಟರು ಬಂದು, ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತು ಗಂಜಿ ಉಂಡಳು.

ಸಂಜೆ ಸಿಸ್ಟರ್ ಹೇಳಿದರು, "ಸಕ್ರೆ ಚಾ ಕುಡ್ಸಿ ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಂತ ನಾಳೆ ನಿನ್ನ ಜೊತೆಯವ್ರು ಹೇಳ್ತಾರೆ. ಕೇಳ್ಬೇಡ. ಓಡಿ ಬಂದದ್ದು ಸರಿ." ಆಮೇಲೆ, "ಆದ್ರೆ ಅವ್ಳ ಬಾಯಿಗೆ ಹೆಸ್ರು ನೀನ್ಯಾಕೆ ಹಾಕ್ದೆ ಗೋ?" ಎಂದರು.

ನಿನ್ನೆಯಿಂದ ಬಲಗೈ ನಡುಗುತ್ತಿದೆ. ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಜನವರಿ ೨೭, ಮಂಗಳವಾರ

ಪ್ರಿನ್ಸಿಪಾಲರು ಕರೆಸಿದರು. ಹೆದರಿದಷ್ಟು ಬಯ್ಯಲಿಲ್ಲ. "ರೋಗಿಯೇ ಹೌದು ಅಂದ್ರು ಅಂತ ಬರೆದುಕೊಡು. ಸುಳ್ಳೇನಲ್ಲವಲ್ಲ. ನೀನೂ ಉಳೀತೀಯ, ಕಾಲೇಜೂ ಉಳೀತದೆ" ಎಂದರು. ಸುಳ್ಳಲ್ಲ ಎಂದೇ ನನಗೂ ಅನಿಸಿತು. ಬರೆದುಕೊಟ್ಟೆ. ಬದುಕಿದೆ ಎಂದುಕೊಂಡೆ.

ಅದಾದ ಮೇಲೆ ಅವರು ರಂಜನಾ ಮೇಡಂ ಜೊತೆ ವಾರ್ಡಿಗೆ ಬಂದರು. ಕಾಲಿನ ದೇವಿಯ ಮಂಚದ ಎದುರು ನಿಂತು, ಇಡೀ ವಾರ್ಡಿಗೆ ಕೇಳುವ ಹಾಗೆ, "ಏನಮ್ಮಾ, ಗಂಡನ ಹೆಸರು ಹೇಳೋದಕ್ಕೆ ನಿಮಗೆ ಏನು ಕಷ್ಟ? ಜೀವ ಹೋಗ್ತಿತ್ತಲ್ಲ ನಿಮ್ಮದೇ" ಎಂದರು. ಅವಳು ತಲೆ ತಗ್ಗಿಸಿದಳು. ಈ ಸಲ ನಗಲಿಲ್ಲ.

"ತಪ್ಪಾತು ಒಡೆಯ" ಎಂದಳು.

ಚುಚ್ಚಿದವಳು ನಾನು, ತಪ್ಪಾತು ಎಂದವಳು ಅವಳು. ಬೊಮ್ಮು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಕರೆಯದೆ ಒಳಗೆ ಬರಲು ಗಂಡಸರಿಗೆ ಬಿಡುವುದಿಲ್ಲ. ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮನೆಗೆ ಬಂದು ಉಣ್ಣದೆ ಮಲಗಿದೆ. ಈಗ ಎದ್ದು ಬರೆಯುತ್ತಿದ್ದೇನೆ.

ಜನವರಿ ೨೮, ಬುಧವಾರ

ಬರೆದುಕೊಟ್ಟದ್ದನ್ನು ವಾಪಸು ಕೇಳಿದೆ. ದೇವಿ ಎಂದದ್ದಕ್ಕೆ ಮಾತ್ರ ಅವರು ಹೂಂ ಎಂದದ್ದು, ಬೀರ ಎಂಬ ಹೆಸರು ಹೇಳಿದ್ದು ನಾನು, ಅವರು ಹೌದು ಎನ್ನಲೇ ಇಲ್ಲ ಎಂದೆ. ಪ್ರಿನ್ಸಿಪಾಲರ ಮುಖ ಕೆಂಪಾಯಿತು. ಜಯಶ್ರೀ ಸಿಸ್ಟರನ್ನೂ ಕರೆಸಿದರು. ಅವರು ನಿಂತಲ್ಲೇ, "ನಾನೇ ಹೇಳಿ ಕಳ್ಸಿದ್ದು ಸರ್. ಇನ್ನೊಬ್ಬ ನರ್ಸನ್ನ ಕೊಡಿ, ನಾಳೆಯಿಂದ ಹೇಳುದಿಲ್ಲ" ಎಂದರು. ಅವರಿಗೆ ಆಸ್ಪತ್ರೆಯಿಂದ ಒಂದು ಮೆಮೊ ಸಿಕ್ಕಿತು.

ನನಗೆ ಸಿಕ್ಕಿದ್ದು ಇದು: ಇನ್ನು ಸೂಜಿ ಮುಟ್ಟುವ ಹಾಗಿಲ್ಲ. ನಡೆದದ್ದೆಲ್ಲ ಗೊತ್ತಿದ್ದೂ ನನ್ನ ಕೈಯಿಂದ ಸೂಜಿ ತೆಗೆದುಕೊಳ್ಳಲು ಒಪ್ಪುವ ಒಬ್ಬ ರೋಗಿಗೆ, ಸಿಸ್ಟರ್ ಮತ್ತು ರಂಜನಾ ಮೇಡಂ ಎದುರಿಗೆ, ಹೆಸರು ಕೇಳುವುದರಿಂದ ಹಿಡಿದು ಎಲ್ಲವನ್ನೂ ಸರಿಯಾಗಿ ಮಾಡಿ ತೋರಿಸಬೇಕು. ಫೆಬ್ರವರಿ ಮುಗಿಯುವುದರೊಳಗೆ ಆಗದಿದ್ದರೆ ಈ ಸಲದ ಪರೀಕ್ಷೆಗೆ ನನ್ನ ಹೆಸರು ಹೋಗುವುದಿಲ್ಲ. ಮುಂದಿನ ವರ್ಷದವರ ಜೊತೆ ಕೂತು ಎಲ್ಲ ಮತ್ತೆ.

ಮತ್ತೊಂದು ವರ್ಷ ಈ ಬಸ್ಸು ನನ್ನಿಂದಾಗದು. ಅದಕ್ಕಿಂತ ಬಿಟ್ಟುಬಿಡುತ್ತೇನೆ.

ಕಾಲಿನ ದೇವಿಗೆ ನಾಡಿದ್ದು ಡಿಸ್ಚಾರ್ಜ್. ಸಂಜೆ ಹತ್ತಿರ ಹೋಗಿ ನಿಂತೆ. ಏನು ಹೇಳಬೇಕೋ ತಿಳಿಯಲಿಲ್ಲ. ಅವರೇ ಹೇಳಿದರು, "ಗಂಡ್ನ ಸುದ್ದಿ ಬಂದ್‌ಕೂಡ್ಲೆ ನಂಗೆ ತಲೆ ಕೆಳಗೆ ಹೋತು ತಂಗಿ. ನೀ ಯಾರ ಹೆಸ್ರು ಹೇಳ್ದೆ ಅಂತ ಕೇಳ್ಲೇ ಇಲ್ಲ. ನಿಂಗೂ ಬೈಗುಳ, ನಂಗೂ ಬೈಗುಳ." ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಗದ್ದದ ಮೇಲೆ ಹಸಿರು ಹಚ್ಚೆಯ ಒಂದು ಚುಕ್ಕೆ ಇದೆ. ಬೀರನ ಹೆಂಡತಿಗೆ ಅದಿಲ್ಲ. ಎರಡು ಮುಖಕ್ಕೂ ಸಂಬಂಧವೇ ಇಲ್ಲ.

ಫೆಬ್ರವರಿ ೪, ಬುಧವಾರ

ಹಾಸಿಗೆ, ಜ್ವರ, ಬಿಪಿ, ಬೆಡ್‌ಪ್ಯಾನ್. ಮತ್ತೆ ಹಾಸಿಗೆ. ಕೈ ಇನ್ನೂ ನಡುಗುತ್ತದೆ. ಮೊಸಂಬಿಗೆ ನೀರು ಚುಚ್ಚಿ ನೋಡಿದೆ, ಮೊಸಂಬಿಯೇ ಹೆದರಿತು.

ಫೆಬ್ರವರಿ ೧೦, ಮಂಗಳವಾರ

ಜ್ವರ ನೋಡುವುದಕ್ಕೂ ಈಗ ಹೆಸರು ಕೇಳುತ್ತೇನೆ. ನಾನು ಹೇಳಿಕೊಡುವುದಿಲ್ಲ, ಬೇಕಾದರೆ ಊಟದವರೆಗೂ ಕಾಯುತ್ತೇನೆ. "ನಿಮ್ಮ ಹೆಸರು? ಗಂಡನ ಹೆಸರು?" ಒಬ್ಬರು ಮಗನ ಹೆಸರು ಹೇಳಿ ಅವನ ಅಪ್ಪ ಎನ್ನುತ್ತಾರೆ. ಒಬ್ಬರು ಪಕ್ಕದ ಮಂಚದವರ ಕಡೆ ಕೈ ತೋರಿಸಿ, ಅವ್ಳು ಹೇಳ್ತಾಳೆ ಎನ್ನುತ್ತಾರೆ. ಅಮದಳ್ಳಿಯ ಗಂಗೂ ಬಾಯಿ ಥರ್ಮಾಮೀಟರ್ ಬಾಯಲ್ಲಿಟ್ಟ ಮೇಲೆ ಹೇಳಿದರು, ಯಾರಿಗೂ ಕೇಳದಿರಲಿ ಎಂದು. ಮೀನು ಮಾರುವ ಸುಶೀಲಾ ಬಾಯಿ ಮಾತ್ರ ಗಂಡನ ಹೆಸರಿನ ಜೊತೆಗೆ ಅವನ ಕುಡಿತ, ಅವನ ತಾಯಿ, ಅವನು ಮುರಿದ ಬಾಗಿಲು ಎಲ್ಲವನ್ನೂ ಸೇರಿಸಿ ಹೇಳಿದರು. ನಿಲ್ಲಿಸುವುದೇ ಕಷ್ಟವಾಯಿತು.

ವಾರ್ಡಿನಲ್ಲಿ ನನಗೆ "ಹೆಸ್ರು ಬಾಯಿ" ಎಂದು ಹೆಸರು ಬಿದ್ದಿದೆಯಂತೆ. ಬಯ್ಯುತ್ತಾರೆ. ಬಯ್ಯಲಿ. ಗಂಗೂ ಬಾಯಿಯವರ ಜ್ವರ ಸಂಜೆ ಮತ್ತೆ ಏರಿತು, ಸಿಸ್ಟರಿಗೆ ಹೇಳಿ ಬಂದೆ. ಅವರ ಮಗಳು ಗೋವಾದಲ್ಲಿದ್ದಾಳೆ, ನೋಡಲು ಯಾರೂ ಬರುವುದಿಲ್ಲ. ನಾಳೆ ಬಾಚಣಿಗೆ ಒಂದು ಒಯ್ಯಬೇಕು, ತಲೆ ಗಂಟುಗಟ್ಟಿದೆ.

ಫೆಬ್ರವರಿ ೧೭, ಮಂಗಳವಾರ

ರಂಜನಾ ಮೇಡಂ ಬಿಡುವು ಮಾಡಿಕೊಂಡು ಬಂದರು. ಇಡೀ ಕಾಲೇಜಿಗೆ ವಾರ್ಡಿನ ಪಾಠ ಮಾಡಲು ಅವರೊಬ್ಬರೇ, ಬೇರೆ ಇಬ್ಬರು ಬಿಟ್ಟು ಹೋಗಿ ಆ ಜಾಗ ಇನ್ನೂ ಖಾಲಿ. ಕಣ್ಣ ಕೆಳಗೆ ಕಪ್ಪು. ಸುಶೀಲಾ ಬಾಯಿಯ ಹತ್ತಿರ ಹೋಗಿ, ನಡೆದದ್ದನ್ನು ಹೇಳಿ, ಈ ಹುಡುಗಿ ಸೂಜಿ ಕೊಟ್ಟರೆ ಆದೀತೇ ಎಂದು ಕೇಳಿದರು. "ಅವ್ಳು ಒಳ್ಳೇ ಹುಡ್ಗಿ. ಆದ್ರೆ ಸೂಜಿ ಬ್ಯಾಡ" ಎಂದರು ಸುಶೀಲಾ ಬಾಯಿ. ಗಂಗೂ ಬಾಯಿಯೂ ಬೇಡ ಎಂದರು. ನಾನು ತಲೆ ಬಾಚಿದವರು. ಸಿಟ್ಟು ಬರಲಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಬಚ್ಚಲಿಗೆ ಹೋಗಿ ಅತ್ತು ಬಂದೆ.

"ಇನ್ನೂ ದಿನ ಇದೆ ಕವಿತಾ" ಎಂದರು ಮೇಡಂ. ಇದೆ ಎಂದು ಅವರಿಗೂ ಅನಿಸಿದ ಹಾಗೆ ಕಾಣಲಿಲ್ಲ.

ಮನೆಯಲ್ಲಿ ಆಯಿಗೆ ಎಲ್ಲ ಹೇಳಿದೆ, ಬಟ್ಟೆಯಂಗಡಿಯ ಸುದ್ದಿಯೊಂದನ್ನು ಬಿಟ್ಟು. ಅದು ಯಾಕೋ ಬಾಯಿಗೆ ಬರಲಿಲ್ಲ. ಆಯಿ ಮೀನು ಹೆಚ್ಚುತ್ತಿದ್ದವಳು ತೋಳು ಮುಂದೆ ಚಾಚಿ, "ನಂಗೇ ಚುಚ್ಚು. ನಾ ಒಪ್ತೆ" ಎಂದಳು. ಡಾಕ್ಟರು ಬರೆಯದೆ ಚುಚ್ಚುವ ಹಾಗಿಲ್ಲ ಎಂದೆ. "ಹಂಗಾರೆ ಕಾಯಿಲೆ ಬೀಳ್ತೆ" ಎಂದಳು. ನಗು ಬಂತು. ಈ ತಿಂಗಳಲ್ಲಿ ನಕ್ಕದ್ದು ಅದೊಂದೇ.

ಫೆಬ್ರವರಿ ೨೩, ಸೋಮವಾರ

ಬೆಳಿಗ್ಗೆ ವರಾಂಡದ ಬೆಂಚಿನಲ್ಲಿ ಬೊಮ್ಮು ಗೌಡರು ಕೂತಿದ್ದರು. ನೋಡಿದ ಕೂಡಲೇ ಹೆದರಿದೆ, ಅವರ ಹೆಂಡತಿ ದೇವಮ್ಮನಿಗೆ ಮತ್ತೇನಾಯಿತೋ ಎಂದು. ಏನೂ ಆಗಿರಲಿಲ್ಲ. ತಗಡು ಹೊಕ್ಕಾಗ ಕೊಟ್ಟ ಧನುರ್ವಾಯುವಿನ ಟಿಟಿಯ ಎರಡನೆಯ ಸೂಜಿಗೆ ಇಬ್ಬರೂ ಬಂದಿದ್ದರು. ಕಾಲು ಚೆನ್ನಾಗಿ ಒಣಗಿದೆ. ದೇವಮ್ಮ ಸೊಂಟದಲ್ಲಿ ಸಿಕ್ಕಿಸಿ ತಂದಿದ್ದ ಹರಿವೆ ಸೊಪ್ಪಿನ ಕಟ್ಟೊಂದನ್ನು ನನ್ನ ಕೈಗೆ ತುರುಕಿದರು.

ವಾರ್ಡಿನ ಪಕ್ಕದ ಸೂಜಿ ಕೋಣೆಯಲ್ಲಿ ಸಿಸ್ಟರ್ ಸಿರಿಂಜ್ ಕೈಗೆತ್ತಿಕೊಂಡಾಗ ದೇವಮ್ಮ ಕೇಳಿದರು, "ಈ ತಂಗಿ ಕೊಡುದಿಲ್ವಾ?"

"ಅವ್ಳಿಗೆ ಕೊಡುಕೆ ಬಿಡುದಿಲ್ಲ. ಗೊತ್ತಿದ್ದೂ ಯಾರಾದ್ರೂ ಒಪ್ಪಿದ್ರೆ ಮಾತ್ರ."

"ಯಾರೂ ಒಪ್ಲಿಲ್ವಾ?"

"ಇಲ್ಲ."

ದೇವಮ್ಮ ಸ್ಟೂಲಿನ ಮೇಲೆ ಕೂತು ಸೆರಗು ಸರಿಸಿ ತೋಳು ಮುಂದೆ ಮಾಡಿದರು. "ನಂಗೆ ಗೊತ್ತಿದ್ದಷ್ಟು ಯಾರಿಗೆ ಗೊತ್ತದೆ. ಕೊಡ್ಲಿ" ಎಂದರು.

ಸಿಸ್ಟರ್ ನನ್ನ ಕಡೆ ನೋಡಲೂ ಇಲ್ಲ, ಆಯಾಳನ್ನು ಕಳಿಸಿ ರಂಜನಾ ಮೇಡಂರನ್ನು ಕರೆಸಿದರು. ಮೇಡಂ ಅರ್ಧ ಕ್ಲಾಸು ಬಿಟ್ಟು ಬಂದು ಗೋಡೆಗೆ ಒರಗಿ ನಿಂತರು. ಕೈ ತೊಳೆದೆ. ಬಾಟಲಿಯ ಮೇಲಿನ ಹೆಸರು ಓದಿದೆ. ಸಿರಿಂಜ್ ತುಂಬುವಾಗ ಕೈ ನಡುಗಿದ್ದನ್ನು ಎಲ್ಲರೂ ನೋಡಿದರು.

"ಕೇಳು" ಎಂದರು ಮೇಡಂ.

ಇವರು ಯಾರೆಂದು ಆ ಕೋಣೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಗದ್ದದ ಹಚ್ಚೆ ನನ್ನ ಕಣ್ಣ ಮುಂದೆಯೇ ಇತ್ತು. ಆದರೂ ಕೇಳಿದೆ. "ನಿಮ್ಮ ಹೆಸರು ಹೇಳಿ ಅಮ್ಮಾ."

"ದೇವಿ."

"ಗಂಡನ ಹೆಸರು ಹೇಳಿ."

ತಲೆ ಕೆಳಗೆ ಹೋಯಿತು. ಸರಗಳ ಮಣಿಗಳನ್ನು ಬೆರಳಲ್ಲಿ ಹೊರಳಿಸತೊಡಗಿದರು. ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ನಾನು ಹೇಳಿದ್ದರೆ ಆ ನಾಚಿಕೆ ಅಲ್ಲಿಗೇ ಮುಗಿಯುತ್ತಿತ್ತು, ಅವರು ನಗುತ್ತಿದ್ದರು. ಅವತ್ತು ಅವರು ತಪ್ಪಾತು ಎಂದು ನಿಂತಿದ್ದು ನೆನಪಾಯಿತು. ಆದರೂ ಹೇಳಿಕೊಡಲಿಲ್ಲ.

"ನಿಂಗೆ ಗೊತ್ತದೆ ಅಲ್ವಾ ತಂಗಿ" ಎಂದರು, ತಲೆ ಎತ್ತದೆ.

"ಗೊತ್ತದೆ. ಆದ್ರೂ ನೀವೇ ಹೇಳ್ಬೇಕು."

"ಹೇಳ್ದೇ ಇದ್ರೆ?"

"ನಾ ಚುಚ್ಚುದಿಲ್ಲ."

ದೇವಮ್ಮ ಗೋಡೆಯ ಕಡೆ ತಿರುಗಿದರು. ಮುಗಿಯಿತು, ಇನ್ನೊಂದು ವರ್ಷ ಬಸ್ಸು ಎಂದುಕೊಂಡೆ. ಸಿಸ್ಟರ್ ಉಸಿರು ಬಿಟ್ಟದ್ದು ಕೇಳಿಸಿತು. ಆಗ ಗೋಡೆಯ ಕಡೆಯಿಂದ, ಪಿಸುಮಾತಿನಲ್ಲಲ್ಲ, ಗದ್ದೆಯ ಆಚೆ ಬದಿಯವರನ್ನು ಕರೆಯುವಷ್ಟು ಗಟ್ಟಿಯಾಗಿ ಬಂತು.

"ಬೊಮ್ಮು."

ಯಾವತ್ತೂ ಹೇಳದ ಹೆಸರು, ಎಷ್ಟು ಗಟ್ಟಿ ಹೇಳಬೇಕೆಂದು ಅವರಿಗೆ ತಿಳಿದಿರಲಿಲ್ಲ ಕಾಣುತ್ತದೆ.

"ಹಾಂ, ಬಂದೆ" ಎಂದಿತು ಹೊರಗಿನಿಂದ ಒಂದು ದನಿ. ಬೆಂಚು ಕಿರುಗುಟ್ಟಿತು. ಬೊಮ್ಮು ಗೌಡರು ಹೆಗಲ ಮೇಲಿನ ಟವೆಲ್ ಸರಿಪಡಿಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು. ಒಬ್ಬೊಬ್ಬರ ಮುಖವನ್ನೂ ನೋಡಿದರು. "ಯಾರು ಕರ್ದದ್ದು?"

ಯಾರೂ ನಗಲಿಲ್ಲ. ಯಾರೂ ಹೇಳಲೂ ಇಲ್ಲ.

"ಸುಮ್ನೆ ಹೊರಗೆ ಕೂತ್ಕಣಿ" ಎಂದರು ದೇವಮ್ಮ ಗೋಡೆಗೇ. "ಸೂಜಿ ಅದೆ ನಂಗೆ."

ಅವರು ಕೂರಲು ಹೋಗಲಿಲ್ಲ. ಹೆಂಡತಿಯ ಬೆನ್ನನ್ನೇ ನೋಡುತ್ತ ಅಲ್ಲೇ ನಿಂತರು. ನಾನು ಸ್ಪಿರಿಟ್ ಒರೆಸಿ ಸೂಜಿ ಕೊಟ್ಟೆ, ಹತ್ತಿ ಒತ್ತಿ ಹಿಡಿದೆ, ತಲೆ ತಿರುಗುತ್ತದೆಯೇ ಎಂದು ಕೇಳಿದೆ, ಮನೆಗೆ ಹೋಗಿ ತೋಳಿಗೆ ಎಣ್ಣೆ ಗಿಣ್ಣೆ ತಿಕ್ಕಬೇಡಿ ಎಂದೆ. ಮೇಡಂ ಸಹಿ ಮಾಡಿ ಕ್ಲಾಸಿಗೆ ಓಡಿದರು. ಪರೀಕ್ಷೆಗೆ ನನ್ನ ಹೆಸರು ಹೋಗುತ್ತದೆ. ಸಿಸ್ಟರ್ ಮೂಗೊರೆಸಿಕೊಂಡು, "ನಿಂತ್ಕಂಡು ಎಂತ ನೋಡ್ತೆ? ವಾರ್ಡಲ್ಲಿ ಇನ್ಸುಲಿನ್ ಹಂಗೇ ಉಳ್ದದೆ, ನಡಿ, ನಾ ಜೊತೆಗೆ ಬತ್ತೆ" ಎಂದರು. ಇವತ್ತೂ ಅವರೊಬ್ಬರೇ. ಗಂಗೂ ಬಾಯಿ, ಸುಶೀಲಾ ಬಾಯಿ, ಆಮೇಲೆ ಹೊಸದಾಗಿ ಬಂದ ಇಬ್ಬರು. ದೇವಮ್ಮ ತೋಳು ಕೊಟ್ಟ ಸುದ್ದಿ ನಮಗಿಂತ ಮೊದಲೇ ವಾರ್ಡು ತಲುಪಿತ್ತು, ಈ ಸಲ ಯಾರೂ ಬೇಡ ಎನ್ನಲಿಲ್ಲ. ಎಲ್ಲರ ಬಾಯಿಂದಲೂ ಹೆಸರು ಹೇಳಿಸುವಷ್ಟರಲ್ಲಿ ಚಹಾ ತಣ್ಣಗಾಗಿತ್ತು. ಆಗೆಲ್ಲ ಕೈ ನಡುಗಿತೋ ಇಲ್ಲವೋ, ನೋಡುವುದೇ ಮರೆತುಹೋಯಿತು.

ಕಿಟಕಿಯಿಂದ ಅವರಿಬ್ಬರೂ ಹೋಗುವುದು ಕಂಡಿತು. ಬೊಮ್ಮು ಗೌಡರು ಮುಂದೆ, ದೇವಮ್ಮ ನಾಲ್ಕು ಮಾರು ಹಿಂದೆ. ಗೇಟಿನ ಹತ್ತಿರ ಬೊಮ್ಮು ಗೌಡರು ನಿಂತು ತಿರುಗಿ ನೋಡಿದರು. ಸ್ವಲ್ಪ ದೂರ ಹೋಗಿ ಇನ್ನೊಮ್ಮೆ ನಿಂತು ತಿರುಗಿ ನೋಡಿದರು. ಯಾರೂ ಕರೆದಿರಲಿಲ್ಲ.